ನರಿಯ ಬಾಲಕ್ಕೆ ನಾನು ಹಾಕಿದ ಗಂಟು

ಟೆಕ್ಸಾಸಿನ ಲಿಯಾಂಡರಿನಲ್ಲಿ ನನ್ನನ್ನು ಮೊದಲು ಮಾತಾಡಿಸಿದ್ದು ಮನುಷ್ಯರಲ್ಲ, ಹನ್ನೊಂದು ನಾಯಿಗಳು.

ಮಗಳು ಮೆಕಿನ್ನಿಯಿಂದ ಅಲ್ಲಿಗೆ ಶಿಫ್ಟ್ ಆಗಿ ಹದಿನೈದು ದಿನವಾಗಿತ್ತು. ಅವಳಿಗೆ ಆಸ್ಟಿನ್ನಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಅಳಿಯ ವಾರದಲ್ಲಿ ಐದು ದಿನ ಹ್ಯೂಸ್ಟನ್ನಿನಲ್ಲಿ, ಎಣ್ಣೆ ಕಂಪನಿಗಳೆಲ್ಲ ಇರುವ ಎನರ್ಜಿ ಕಾರಿಡಾರ್‌ನ ಆಫೀಸಿನಲ್ಲಿ. ಹಗಲೆಲ್ಲ ಮನೆಯಲ್ಲಿ ನಾನೊಬ್ಬಳೇ. ಕೂತು ತಿನ್ನುವ ಅಭ್ಯಾಸ ನನಗಿಲ್ಲ. ಮನೆಯ ಹಿಂದೆ ಒಂದು ಹಳ್ಳ, ಹಳ್ಳದ ದಡದಲ್ಲಿ ಕೀರೆ ಸೊಪ್ಪಿನಂಥದ್ದು ಬೆಳೆದಿದ್ದನ್ನು ಕಿಟಕಿಯಿಂದ ನೋಡಿಟ್ಟುಕೊಂಡಿದ್ದೆ. ಒಂದು ಬೆಳಿಗ್ಗೆ ಪ್ಲಾಸ್ಟಿಕ್ ಚೀಲ ಹಿಡಿದು ಹೊರಟೆ. ಸೊಪ್ಪು ಸಿಕ್ಕಿತು, ಮನೆ ಸಿಗಲಿಲ್ಲ. ಅಲ್ಲಿನ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಒತ್ತಿದ ಇಟ್ಟಿಗೆಗಳಂತೆ. ಯಾವುದರ ಹಿಂಬಾಗಿಲು ನನ್ನದು ಎಂದು ಹೇಳುವುದು ಹೇಗೆ?

ಹಳ್ಳದ ದಡದಲ್ಲೇ ನಡೆದೆ. ಬಿಸಿಲೇರಿತು. ಕಾಲು ಸೋತು ಒಂದು ಮರದ ಬುಡದಲ್ಲಿ ಕುಳಿತಾಗ ನಾಯಿಗಳು ಬಂದು ಸುತ್ತ ನಿಂತು ಊಳಿಡತೊಡಗಿದವು. ಜೋಲು ಕಿವಿ, ಬಿಳಿ ಕಪ್ಪು ಕಂದು ಮೈ. ಹತ್ತಿರ ಬಂದ ಒಂದು ಹೆಣ್ಣು ನಾಯಿಗೆ ಕೋಲಿನಿಂದ ಒಂದು ಬಿಟ್ಟೆ. ಅದು ಕಚ್ಚಲಿಲ್ಲ, ಮುನಿಸಿಕೊಂಡು ಪಕ್ಕದಲ್ಲೇ ಕೂತಿತು. ಹಿಂದೆಯೇ ಒಬ್ಬ ಮುದುಕ ಬಂದ. ಮುದುಕ ಎಂದರೆ ನನ್ನ ವಯಸ್ಸಿನವನೇ. ನನ್ನನ್ನು ನೋಡಿದ, ಚೀಲ ನೋಡಿದ, ಸೊಪ್ಪು ನೋಡಿದ, ಏನೋ ಕೇಳಿದ. ನನಗೆ ಆಗ ಬರುತ್ತಿದ್ದ ಇಂಗ್ಲಿಷ್ ಎರಡು ಮಾತು: ಡಾಟರ್, ಹಾಸ್ಪಿಟಲ್. ಎರಡನ್ನೂ ಹೇಳಿದೆ. ಅವನು ಗಾಬರಿಯಾಗಿ ನನ್ನನ್ನು ತನ್ನ ಟ್ರಕ್ಕಿಗೆ ಹತ್ತಿಸಿ ಸೀದಾ ಆಸ್ಪತ್ರೆಯ ದಾರಿ ಹಿಡಿದ. ದಾರಿಯಲ್ಲಿ ನಮ್ಮ ಮನೆಯ ಬಾಗಿಲಿನ ಪ್ಲಾಸ್ಟಿಕ್ ಮಾವಿನೆಲೆ ತೋರಣ ಕಂಡು ನಾನು ಕಿರುಚಿಕೊಂಡ ಮೇಲೆ ಗಾಡಿ ನಿಲ್ಲಿಸಿದ.

ಆ ದಿನ ಆ ನಾಯಿಗಳು ಸಿಗದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಏನೂ ಆಗುತ್ತಿರಲಿಲ್ಲವೇನೋ. ಆದರೂ ಉಪಕಾರ ಉಪಕಾರವೇ.

ಭಾನುವಾರ ಮಗಳನ್ನು ಕರೆದುಕೊಂಡು ಅವನಿಗೆ ಕೋಡುಬಳೆ ಕೊಟ್ಟು ಬಂದೆ. ಅವನ ಮನೆ ನಮ್ಮ ಹಿಂಬದಿಯ ಬೇಲಿಯಾಚೆ, ಹಳ್ಳದ ಮಗ್ಗುಲಲ್ಲೇ. ಹೆಂಡತಿ ತೀರಿಹೋಗಿದ್ದಳು. ದನ ಮೇಯಿಸಿದ್ದ ಜಮೀನಿನಲ್ಲಿ ಬಹುಪಾಲು ಮನೆ ಕಟ್ಟುವವರ ಪಾಲಾಗಿ, ಉಳಿದ ತುಂಡಿನಲ್ಲಿ ಅವನೂ ನಾಯಿಗಳೂ ಇದ್ದರು. ಅವನು ನನಗೆ ಕಾಗದದಲ್ಲಿ ಸುತ್ತಿದ ಜಿಂಕೆ ಮಾಂಸ ಕೊಟ್ಟ. ನಾನು ಅದಕ್ಕೆ ಹುರಿದ ಕೊತ್ತಂಬರಿ ಬೀಜ, ಕೊಬ್ಬರಿ ಅರೆದು ಸಾರು ಮಾಡಿ, ಒಂದು ಡಬ್ಬಿ ಬೇಲಿಯ ಮೇಲೆ ಇಟ್ಟೆ. ಡಬ್ಬಿ ತೊಳೆದು ವಾಪಸ್ ಬಂತು. ಒಳಗೆ ಮತ್ತೊಂದು ಮಾಂಸದ ಪೊಟ್ಟಣ. ನಮ್ಮಿಬ್ಬರ ಮಾತುಕತೆ ಬಹಳ ದಿನ ಆ ಡಬ್ಬಿಯಲ್ಲೇ ನಡೆಯಿತು.

ಚಳಿ ಶುರುವಾದ ಮೇಲೆ ಅವನ ನಿಜವಾದ ಕಸುಬು ಕಂಡಿತು. ಬೆಳಕು ಹರಿಯುವಾಗ ನಾಯಿಗಳನ್ನು ಹಳ್ಳಕ್ಕೆ ಬಿಡುತ್ತಿದ್ದ. ಅವು ನರಿಯ ಜಾಡು ಹಿಡಿದು ಬೊಗಳುತ್ತ ಓಡುತ್ತಿದ್ದವು. ಅವನು ಬೇಲಿ ಕಂಬಕ್ಕೆ ಒರಗಿ, ಟೋಪಿ ಮುಂದಕ್ಕೆಳೆದು, ಕಣ್ಣು ಮುಚ್ಚಿ ಕೇಳುತ್ತಿದ್ದ. ಕೈಯಲ್ಲಿ ಕೋವಿ ಇಲ್ಲ. ಅಲ್ಲಿಯ ನರಿ ಮರ ಹತ್ತುತ್ತದೆ. ಒಂದು ಸಲ ನಾನೇ ನೋಡಿದೆ, ಕೊಂಬೆಯಿಂದ ಬೂದು ಬಾಲವೊಂದು ಜೋಲುತ್ತಿತ್ತು, ಕೆಳಗೆ ಹನ್ನೊಂದು ನಾಯಿಗಳ ಗಲಾಟೆ. ಅವನು ಹೋಗಿ, ಒಂದು ಕೊಂಬು ಊದಿ, ನಾಯಿಗಳನ್ನು ಕರೆದುಕೊಂಡು, ಎಲ್ಲಕ್ಕೂ ಒಂದೊಂದು ಬಿಸ್ಕತ್ತು ಕೊಟ್ಟು ಮನೆಗೆ ಹೋದ. ಅಷ್ಟೇ.

ನನಗೆ ತಲೆಬುಡ ತಿಳಿಯಲಿಲ್ಲ. ಹೊಟ್ಟೆಗಾಗಿ ಬೇಟೆಯಾಡುವುದು ನನಗೆ ಗೊತ್ತು. ಕುರಿಮರಿ ಕದಿಯುವ ನರಿಯನ್ನು ಹೊಡೆಯುವುದೂ ಗೊತ್ತು. ಇದು ಎರಡೂ ಅಲ್ಲ. ಮಗಳ ಬಾಯಲ್ಲಿ ಕೇಳಿಸಿದೆ.

"ನಾಯಿಗಳ ದನಿ ಕೇಳೋಕಂತೆ ಅಮ್ಮ. ಒಂದೊಂದರ ದನೀನೂ ಗೊತ್ತಂತೆ."

"ಸರಿ. ನರಿಗೇನು ಸಿಗುತ್ತಂತೆ?"

ಮುದುಕ ಏನೋ ಹೇಳಿ ತಾನೇ ನಕ್ಕ.

"ಎಕ್ಸರ್‌ಸೈಜ್ ಅಂತೆ," ಎಂದಳು ಮಗಳು.

ನಾನು ನಗಲಿಲ್ಲ. ಆದರೆ ಚಳಿಗಾಲ ಕಳೆದು ನರಿಗಳು ಮರಿ ಹಾಕುವ ಕಾಲಕ್ಕೆ ಅವನು ನಾಯಿಗಳನ್ನು ಕಟ್ಟಿಹಾಕಿದ್ದನ್ನು ಆಮೇಲೆ ಕಂಡೆ. ಯಾರೂ ಹೇಳಿರಲಿಲ್ಲ, ತಾನೇ ಕಟ್ಟಿಹಾಕಿದ್ದ.

ನನ್ನ ತಪ್ಪು ನಡೆದದ್ದು ಅದಕ್ಕೂ ಮುಂಚೆ, ಸಂಕ್ರಾಂತಿಯ ದಿನ. ಮಗಳನ್ನು ಕರೆದುಕೊಂಡು ಬೇಲಿಯ ಬಳಿ ಹೋಗಿ ಅವನ ಕೈಗೆ ಎಳ್ಳು ಬೆಲ್ಲ, ಒಂದು ಸಕ್ಕರೆ ಅಚ್ಚು ಹಾಕಿದೆ. ಇದು ಯಾವ ಹಬ್ಬ ಎಂದು ಕೇಳಿದ. ನನಗೆ ಬಾಯಿ ತುರಿಸಿತು. ನಮ್ಮ ಕೋಲಾರದ ಕಡೆ ಸಂಕ್ರಾಂತಿಗೆ ನರಿ ಮುಖ ನೋಡಿದರೆ ವರ್ಷವೆಲ್ಲ ಒಳ್ಳೆಯದು, ಅದಕ್ಕೆ ಗಂಡಸರು ಬಲೆ ಕಟ್ಟಿ, ತಮಟೆ ಬಡಿದು, ಬಂಡೆ ಸಂದಿಯಿಂದ ನರಿಯನ್ನು ಎಬ್ಬಿಸಿ ಹಿಡಿದು ತರುತ್ತಿದ್ದರು, ಅರಿಸಿನ ಕುಂಕುಮ ಹಚ್ಚಿ, ಆರತಿ ಎತ್ತಿ, ಎಲ್ಲರೂ ಮುಖ ನೋಡಿ, ಬಿಟ್ಟುಬಿಡುತ್ತಿದ್ದೆವು ಎಂದು ಹೇಳಿದೆ.

ಮಗಳು ನನ್ನ ಮುಖ ನೋಡಿದಳು. ಅವಳಿಗೆ ಮಿಕ್ಕಿದ್ದು ಗೊತ್ತು.

"ಪಟಾಕಿ ವಿಷ್ಯ ಹೇಳ್ಲಾ?"

"ಬಾಯ್ಮುಚ್ಕೊಂಡು ಹೇಳಿದ್ದಷ್ಟು ಹೇಳೇ."

ಅವಳು ಹೇಳಿದ್ದಷ್ಟೇ ಹೇಳಿದಳು. ಮುದುಕ ಟೋಪಿ ತೆಗೆದ. ನಿಮ್ಮ ಜನ ನಮಗಿಂತ ಮೇಲು, ಹಿಡಿದರೂ ಕೊಲ್ಲುವುದಿಲ್ಲ, ಪೂಜೆ ಮಾಡಿ ಬಿಡುತ್ತೀರಿ ಎಂದನಂತೆ. ನಾನು ಸುಮ್ಮನೆ ತಲೆಯಾಡಿಸಿದೆ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು ಅನ್ನುತ್ತಾರೆ. ನಿಜ ಮಾತಾಡು ಅನ್ನುವುದಿಲ್ಲ.

ಮಿಕ್ಕಿದ್ದು ಇದು. ನಾನು ಮದುವೆಯಾಗಿ ಬಂದ ಮೊದಲ ಸಂಕ್ರಾಂತಿ. ನರಿಯನ್ನು ಕಾಲು ಕಟ್ಟಿ, ಬಾಯಿಗೆ ದಾರ ಸುತ್ತಿ ಗುಡಿಯ ಮುಂದೆ ತಂದು ಹಾಕಿದ್ದರು. ಕಿವಿಗೆ ಚಿನ್ನದ ಚೂರು ಸಿಕ್ಕಿಸುವ ಊರುಗಳಿದ್ದವಂತೆ. ನಮ್ಮೂರಲ್ಲಿ ಹಿತ್ತಾಳೆ ತಂತಿ. ಆರತಿ ಆಯಿತು. ಬಿಡುವ ಮುಂಚೆ ಬಾಲಕ್ಕೆ ಪಟಾಕಿ ಸರ ಕಟ್ಟುವುದು ಪದ್ಧತಿ. ಹೊಸ ಸೊಸೆ ಕೈಯಲ್ಲಿ ಕಟ್ಟಿಸಿ, ಶುಭ ಎಂದರು. ನನ್ನ ಗಂಟು ಯಾವತ್ತೂ ಗಟ್ಟಿ. ಹುಲ್ಲಿನ ಹೊರೆ ಕಟ್ಟಿದ ಕೈ. ಬಟ್ಟೆ ಚೂರಿನಲ್ಲಿ ಎರಡು ಸುತ್ತು ಸುತ್ತಿ ಎಳೆದು ಕಟ್ಟಿದೆ. ಬೆಂಕಿ ಇಟ್ಟು ಹಗ್ಗ ಕೊಯ್ದರು. ನರಿ ಓಡಿತು, ತಿರುಗಿ ತನ್ನ ಬಾಲವನ್ನೇ ಕಚ್ಚಿತು, ಮತ್ತೆ ಓಡಿತು. ಊರೆಲ್ಲ ನಕ್ಕಿತು. ನಾನೂ ನಕ್ಕೆ. ಗಂಟು ಬಿಚ್ಚಿಕೊಳ್ಳಲಿಲ್ಲ. ಅದು ಓಡಿ ಹೋಗಿ ನಮ್ಮದೇ ಹುಲ್ಲಿನ ಬಣವೆಯೊಳಗೆ ನುಗ್ಗಿತು. ಬಣವೆ ಹೊತ್ತಿ ಉರಿಯಿತು. ನರಿ ಹೊರಗೆ ಬರಲಿಲ್ಲ.

ನರಿ ಮುಖ ನೋಡಿದ ಆ ವರ್ಷ ನಮ್ಮ ಎತ್ತುಗಳಿಗೆ ಮೇವಿರಲಿಲ್ಲ. ಅತ್ತೆ ಬೈದದ್ದು ನರಿ ಸತ್ತಿತು ಎಂದಲ್ಲ. "ಅಷ್ಟು ಬಿಗಿಯಾಗಿ ಯಾಕೆ ಕಟ್ಟಿದೆಯೇ, ನಿನ್ನ ಕೈ ಸೇದಿಹೋಗ" ಎಂದು. ನಾನೂ ಅತ್ತದ್ದು ಬಣವೆಗೇ.

ಇತ್ತ ಲಿಯಾಂಡರಿನಲ್ಲಿ ಆ ಸಂಕ್ರಾಂತಿ ಕಳೆದು, ಬೇಸಿಗೆಯೂ ಕಳೆದು ಚಳಿ ಬರುವ ಹೊತ್ತಿಗೆ ಕಾಗದ ಬಂತು. ತಂದವಳು ನಮ್ಮ ಬೀದಿಯ ಧಾರವಾಡದ ಹೆಂಗಸು, ಐವತ್ತು ದಾಟಿದವಳು, ಉಳ್ಳಾಗಡ್ಡಿ ಸಹ ತಿನ್ನದವಳು. ಹಳ್ಳದ ದಂಡೆ ಈಗ ಬಡಾವಣೆಯ ಸಂಘಕ್ಕೆ ಸೇರಿದ್ದು, ಅಲ್ಲಿ ಬೇಟೆ ನಾಯಿ ಬಿಡಬಾರದು ಎಂಬ ಅರ್ಜಿ. ಅಲ್ಲಿ ಬಿಡದಿದ್ದರೆ ಮುದುಕನಿಗೆ ಬೇರೆ ಜಾಗವಿಲ್ಲ, ಎರಡು ಕಡೆ ದೊಡ್ಡ ರಸ್ತೆ. ನಾಯಿಗಳನ್ನು ಯಾರಿಗಾದರೂ ಕೊಟ್ಟುಬಿಡಬೇಕು.

"ಅಮ್ಮಾ, ನಿಮ್ಮ ಮಗಳ ಸಹಿ ಬೇಕಾಗೇದ. ನೀವು ಸ್ವಲ್ಪ ಹೇಳ್ರಿ. ನಾಯಿ ಬಿಟ್ಟು ಒಂದು ಜೀವಾ ಅಂಜಿಸೋದು ಆಟ ಏನ್ರಿ?"

"ನಿಮ್ಮ ಗರಾಜಲ್ಲಿ ಇಲಿಗೆ ಅಂಟು ಹಲಗೆ ಇಟ್ಟಿದ್ದೀಯಲ್ಲವ್ವ."

"ಅದು ಇಲಿ ಅಲ್ಲೇನ್ರಿ!"

"ಇಲಿಗೆ ಅಂಜಿಕೆ ಇಲ್ವಾ?"

"ನಿಮ್ಮ ಕೂಡ ಮಾತಾಡೋದು ಭಾಳ ಕಷ್ಟ ಅದರಿ," ಎಂದು ಚಹಾ ಕುಡಿದು ಹೋದಳು. ಸಹಿ ಆಗಲಿಲ್ಲ. ಅವಳು ಕೋಪವನ್ನೂ ಮಾಡಿಕೊಳ್ಳಲಿಲ್ಲ. ಅದು ಅವಳ ದೊಡ್ಡ ಗುಣ.

ಆ ಅರ್ಜಿಗಾಗಿ ಭಾನುವಾರ ಕರೆದಿದ್ದ ಸಂಘದ ಸಭೆಗೆ ಎರಡು ದಿನ ಇರುವಾಗ ಮುದುಕ ಮುಂಬಾಗಿಲಿಗೆ ಬಂದ. ಯಾವತ್ತೂ ಮುಂಬಾಗಿಲಿಗೆ ಬಂದವನಲ್ಲ. ಮಗಳು ಅವನ ಮಾತು ಕೇಳಿ ನನ್ನ ಕಡೆ ತಿರುಗಿದಳು.

"ನಿಮ್ಮೂರಲ್ಲಿ ನರಿ ಹಿಡಿದು ಪೂಜೆ ಮಾಡಿ ಬಿಡ್ತಾರೆ ಅಂದಿದ್ಯಲ್ಲ, ಅದನ್ನ ಮೀಟಿಂಗಲ್ಲಿ ಬಂದು ಹೇಳು ಅಂತಾರಮ್ಮ. ಇಂಡಿಯನ್ಸ್ ಜಾಸ್ತಿ ಇದಾರಲ್ಲ, ನಿನ್ನ ಮಾತು ಕೇಳ್ತಾರಂತೆ. ಇಲ್ಲಾಂದ್ರೆ ನಾಯಿಗಳು ಹೋಗ್ತವೆ ಅಂತಾರೆ."

ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ. ನನ್ನನ್ನು ಹುಡುಕಿಕೊಟ್ಟ ಹನ್ನೊಂದು ನಾಯಿಗಳು ಈಗ ನನ್ನ ಬಾಯಲ್ಲಿದ್ದವು. ಬರುತ್ತೇನೆ ಎಂದು ತಲೆಯಾಡಿಸಿದೆ. ಅವನು ಹೋದ ಮೇಲೆ ಮಗಳು, "ನನಗೆ ಭಾನುವಾರ ಶಿಫ್ಟ್ ಇದೆ. ನೀನು ಹೋಗ್ಬೇಡ. ಹುಷಾರಿಲ್ಲ ಅಂತ ಹೇಳ್ತೀನಿ," ಎಂದಳು. ಅದು ಸುಲಭದ ದಾರಿ. ಎರಡು ದಿನ ಅದನ್ನೇ ಹಿಡಿಯಬೇಕೆಂದಿದ್ದೆ. ಭಾನುವಾರ ಮಧ್ಯಾಹ್ನ ಸೀರೆ ಉಟ್ಟು ಧಾರವಾಡದವಳ ಬಾಗಿಲು ಬಡಿದೆ.

"ಕ್ಲಬ್ ಹೌಸಿಗೆ ಕರ್ಕೊಂಡು ಹೋಗವ್ವ. ನನ್ನ ಮಾತು ಇಂಗ್ಲಿಷಲ್ಲಿ ಹೇಳ್ಬೇಕು. ನಿನಗೆ ಬೇಡದ್ದೂ ಬರಬಹುದು."

"ಬ್ಯಾಡಾದ್ದೂ ಹೇಳ್ತೀನ್ರಿ. ಒಂದು ಮಾತು ಬಿಡಂಗಿಲ್ಲ," ಎಂದು ಕಾರಿನ ಕೀಲಿಕೈ ತೆಗೆದುಕೊಂಡಳು.

ಸಭೆಯಲ್ಲಿ ಮೊದಲು ಅವರವರೇ ಕೂಗಾಡಿದರು. ಮುದುಕ ಮೊದಲ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದ. ನಾನು ನಿಂತಾಗ ತಿರುಗಿ ನೋಡಿ ಸ್ವಲ್ಪ ನಕ್ಕ.

ನರಿ ಹಿಡಿಯುವುದನ್ನು ಹೇಳಿದೆ. ಆರತಿ ಎತ್ತುವುದನ್ನು ಹೇಳಿದೆ. ಧಾರವಾಡದವಳು ಗಂಟಲು ಎತ್ತಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ನಮ್ಮವರು ಕೆಲವರು ಹೆಮ್ಮೆಯಿಂದ ತಲೆ ತೂಗಿದರು. ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲರಿಗೂ ಸುಖವಾಗುತ್ತಿತ್ತು.

"ಆಮೇಲೆ ಬಾಲಕ್ಕೆ ಪಟಾಕಿ ಕಟ್ಟುತ್ತಿದ್ದೆವು. ಒಂದು ವರ್ಷ ಕಟ್ಟಿದವಳು ನಾನು. ನರಿ ಸುಟ್ಟುಹೋಯಿತು."

ಧಾರವಾಡದವಳು ಬಗ್ಗಿ ನನ್ನ ಕಿವಿಯಲ್ಲಿ ಕೇಳಿದಳು, "ಅಮ್ಮಾ, ಇದನ್ನೂ ಹೇಳ್ಲೇನ್ರಿ? ಇಷ್ಟು ಮಂದಿ ಮುಂದ ನಮ್ಮ ಮರ್ಯಾದಿ ಹೋಗ್ತದ್ರಿ."

"ಮರ್ಯಾದೆ ಹೋಗಿದ್ದು ಆವತ್ತು ಕಣವ್ವ, ಇವತ್ತಲ್ಲ. ಹೇಳು."

ಹೇಳಿದಳು. ಹಿಂದಿನ ಸಾಲಿನಲ್ಲಿ ಒಬ್ಬ ಪಟಾಕಿ ಎಂದೊಡನೆ ಫಕ್ಕನೆ ನಕ್ಕು, ಸುತ್ತ ನೋಡಿ ನಿಲ್ಲಿಸಿದ. ನಾನು ಅವನ ಕಡೆ ಕೈ ತೋರಿಸಿದೆ. "ನಾನೂ ಹೀಗೇ ನಕ್ಕಿದ್ದೆ. ಅವನನ್ನು ಏನೂ ಅನ್ನಬೇಡಿ."

ಮಿಕ್ಕದ್ದನ್ನೂ ಹೇಳಿದೆ. ಪೂಜೆ ಮಾಡಿದೆವು ಎಂದು ನಾವು ದೊಡ್ಡವರಲ್ಲ. ಈ ಮುದುಕ ಪೂಜೆ ಮಾಡುವುದಿಲ್ಲ, ಆದರೆ ನರಿ ಮರ ಹತ್ತಿದ ಮೇಲೆ ನಾಯಿಗಳನ್ನು ವಾಪಸ್ ಕರೆಯುತ್ತಾನೆ. ಮರಿ ಹಾಕುವ ಕಾಲಕ್ಕೆ ಕಟ್ಟಿಹಾಕುತ್ತಾನೆ. ನಾನು ಬೇಲಿಯಲ್ಲಿ ನಿಂತು ನೋಡಿದ್ದೇನೆ. ನಮ್ಮೂರಲ್ಲಿ ನಿಲ್ಲಿಸು ಅನ್ನುವವರು ಒಬ್ಬರೂ ಇರಲಿಲ್ಲ. ಇವನಿಗೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಗೊತ್ತು. ಆದರೆ ನರಿಗೆ ಇದು ಆಟ ಎಂದು ಮಾತ್ರ ಹೇಳಬೇಡಿ. ಪ್ರಾಣ ಹೋಗುತ್ತದೆ ಅಂದುಕೊಂಡೇ ಅದು ಓಡುವುದು.

ಮುಂದೆ ಕೂತಿದ್ದ ಸಂಘದವನು ಕೇಳಿದ, ಹಾಗಾದರೆ ನಾಯಿ ಬಿಡಬೇಕೋ ಬೇಡವೋ ಎಂದು.

"ನರಿಯನ್ನು ಕೇಳಿದರೆ ಬೇಡ ಅನ್ನುತ್ತೆ. ನಾಯಿಯನ್ನು ಕೇಳಿದರೆ ಬೇಕು ಅನ್ನುತ್ತೆ. ನನ್ನನ್ನು ಕೇಳಿದರೆ, ಆ ನಾಯಿಗಳು ನನ್ನನ್ನು ಮನೆಗೆ ತಂದವು, ಅವು ಇರಲಿ. ಆದರೆ ನರಿಯನ್ನು ಸುಟ್ಟವಳ ಮಾತಿಗೆ ಎಷ್ಟು ತೂಕ ಅನ್ನುವುದನ್ನು ನೀವೇ ನೋಡಿಕೊಳ್ಳಿ."

ಕೈ ಎತ್ತಿಸಿದರು. ಧಾರವಾಡದವಳು ನನ್ನ ಪಕ್ಕದಲ್ಲಿ ನಿಂತೇ ನಾಯಿಗಳಿಗೆ ವಿರುದ್ಧವಾಗಿ ಕೈ ಎತ್ತಿದಳು. ನನಗೆ ಕೈ ಎತ್ತುವ ಹಕ್ಕಿಲ್ಲ, ಮನೆ ಮಗಳದು. ಮುದುಕ ಸೋತ. ಟೋಪಿ ಹಾಕಿಕೊಂಡು, ನನ್ನ ಕಡೆ ನೋಡದೆ ಹೊರಗೆ ಹೋದ.

ಕಾರಿನಲ್ಲಿ ಧಾರವಾಡದವಳು, "ಅಮ್ಮಾ, ನೀವು ಅವರ ಪರವಾಗಿ ಬಂದಿದ್ರೋ, ನರಿ ಪರವಾಗಿ ಬಂದಿದ್ರೋ?" ಎಂದಳು.

"ನನ್ನ ಪರವಾಗಿ ಬಂದಿದ್ದೆ ಕಣವ್ವ. ನೀನು ಒಂದು ಮಾತೂ ಬಿಡದೆ ಹೇಳಿದೆಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ."

ಒಂದು ವಾರದಲ್ಲಿ ಒಂದು ಗಾಡಿ ಬಂತು. ಮುದುಕನ ತಮ್ಮನ ಮಗನಂತೆ, ದೂರ ಪಶ್ಚಿಮದ ಕಡೆ ಬಯಲಲ್ಲಿ ಜಮೀನಿರುವವನು. ಹತ್ತು ನಾಯಿಗಳನ್ನು ಹತ್ತಿಸಿಕೊಂಡು ಹೋದ. ಒಂದು ಮುದಿ ಹೆಣ್ಣು ನಾಯಿ ಉಳಿಯಿತು. ನಾನು ಕೋಲಲ್ಲಿ ಹೊಡೆದದ್ದು ಅದಕ್ಕೇ. ಬೆಳಿಗ್ಗೆ ಹಳ್ಳದಲ್ಲಿ ಸದ್ದಿಲ್ಲ. ಬೇಲಿಯ ಮೇಲೆ ಸಾರಿನ ಡಬ್ಬಿ ಇಟ್ಟೆ. ಎರಡು ದಿನ ಹಾಗೇ ಇತ್ತು. ಮೂರನೆಯ ದಿನ ನಾನೇ ಒಳಗೆ ತಂದು ಚೆಲ್ಲಿದೆ. ನನ್ನ ಮಾತಿನಿಂದ ಸೋತನೋ, ಹೇಗಿದ್ದರೂ ಸೋಲುತ್ತಿದ್ದನೋ, ಗೊತ್ತಿಲ್ಲ. ಸುಳ್ಳು ಹೇಳಿದ್ದರೆ ಗೆಲ್ಲುತ್ತಿದ್ದನೇನೋ. ಅದನ್ನು ಯೋಚಿಸದ ದಿನವಿರಲಿಲ್ಲ. ಆದರೆ ಎಷ್ಟೋ ವರ್ಷದಿಂದ ಹೊತ್ತಿದ್ದ ಹೊರೆಯೊಂದು ಇಳಿದಿತ್ತು ಅನ್ನುವುದೂ ಸುಳ್ಳಲ್ಲ.

ಭೋಗಿಯ ದಿನ, ಬೆಳಕು ಇನ್ನೂ ಸರಿಯಾಗಿ ಬಿಟ್ಟಿರಲಿಲ್ಲ, ಹಿಂಬಾಗಿಲು ಬಡಿದ ಸದ್ದು. ಮುದುಕ. ಬಾ ಎಂದು ಕೈ ಮಾಡಿದ. ಮಗಳು ಕಣ್ಣುಜ್ಜಿಕೊಂಡು ಬಂದು ಅವನ ಮಾತು ಕೇಳಿದಳು.

"ನಿನ್ನ ಹಬ್ಬಕ್ಕೆ ನರಿ ತೋರಿಸ್ತಾರಂತೆ."

"ಹಬ್ಬ ನಾಳೆ ಅಂತ ಹೇಳೇ."

ಹೇಳಿದಳು. ಅವನು ಭುಜ ಹಾರಿಸಿ ಏನೋ ಅಂದ. "ನಾಳೆ ನರಿ ಬರುತ್ತೋ ಇಲ್ವೋ ಗ್ಯಾರಂಟಿ ಇಲ್ಲವಂತೆ," ಎಂದು ಮಗಳು ಶಾಲು ತಂದು ಹೊದೆಸಿದಳು.

ಅವನ ಅಡುಗೆಮನೆಯ ಹಿಂದಿನ ಮೆಟ್ಟಿಲಲ್ಲಿ ಎರಡು ಕುರ್ಚಿ ಹಾಕಿದ್ದ. ಒಂದರ ಮೇಲೆ ಕಂಬಳಿ. ಹಾಲಿಲ್ಲದ ಕಾಫಿ ಕೊಟ್ಟ, ಕಹಿ ವಿಷ. ಮುದಿ ನಾಯಿ ಬಾಗಿಲೊಳಗೆ ಮಲಗಿತ್ತು. ಅಂಗಳದಲ್ಲಿ ಒಂದು ದೊಡ್ಡ ಪೀಕಾನ್ ಮರ, ಕೆಳಗೆಲ್ಲ ಕಾಯಿ ಉದುರಿದ್ದವು. ಕೂತೆವು. ನನ್ನ ಮೊಣಕಾಲು ಮರಗಟ್ಟಿತು. ಎದ್ದು ಹೋಗೋಣವೆಂದುಕೊಳ್ಳುವಷ್ಟರಲ್ಲಿ ಅವನು ನನ್ನ ಶಾಲಿನ ಅಂಚು ಹಿಡಿದೆಳೆದ.

ಹಳ್ಳದ ಕಡೆಯಿಂದ ಬಂತು. ಅವಸರವಿಲ್ಲದ ನಡಿಗೆ. ಮರದ ಬುಡಕ್ಕೆ ಬಂದು ಒಂದು ಕಾಯಿ ಕಚ್ಚಿ, ಕಟಕಟ ಅಗಿದು, ತಲೆ ಎತ್ತಿ ನಮ್ಮನ್ನು ನೋಡಿತು. ಚಿಕ್ಕ ಮುಖ. ಬೂದು ಬಣ್ಣ, ಕಿವಿಯ ಕೆಳಗೆ ಇಟ್ಟಿಗೆ ಕೆಂಪು. ಕಣ್ಣಿನಿಂದ ಮೂಗಿನ ಕಡೆಗೆ ಕಾಡಿಗೆ ಹರಿದಂತೆ ಕಪ್ಪು ಗೆರೆ. ಬಾಯಿಗೆ ದಾರ ಸುತ್ತದ ನರಿಯ ಮುಖ ನಾನು ನೋಡಿದ್ದು ಅದೇ ಮೊದಲು. ಒಳಗೆ ನಾಯಿಯ ಮೂಗು ಅಲುಗಿತು, ಎದ್ದೇಳಲಿಲ್ಲ. ನರಿ ಇನ್ನೊಂದು ಕಾಯಿ ಅಗಿಯಿತು. ಬಂದ ಹಾಗೇ ಹೋಯಿತು.

ನಾನು ಕೈ ಮುಗಿಯಲಿಲ್ಲ. ಕೈಯಲ್ಲಿ ಕಾಫಿ ಲೋಟವಿತ್ತು.

ಅವನು ಕೈಯನ್ನು ದೂರಕ್ಕೆ ಓಡಿಸುತ್ತ "ಟೇಲ್, ಟೇಲ್, ಟೇಲ್" ಎಂದ. ಇಷ್ಟು ವರ್ಷ ಕಂಡದ್ದು ಓಡುವ ಬಾಲ ಮಾತ್ರ ಎಂಬಂತೆ ತನ್ನ ನರೆಗೂದಲು ತೋರಿಸಿದ. ಆಮೇಲೆ ನರಿ ನಿಂತಿದ್ದ ಜಾಗಕ್ಕೆ ಬೆರಳು ತೋರಿಸಿ, ತನ್ನ ಮುಖದ ಮುಂದೆ ಅಂಗೈ ಆಡಿಸಿ, "ಫೇಸ್" ಎಂದ. ಅಷ್ಟು ಇಂಗ್ಲಿಷ್ ನನಗೆ ಆ ಹೊತ್ತಿಗೆ ಬಂದಿತ್ತು. ನಾನೂ ನನ್ನ ಎದೆ ಮುಟ್ಟಿಕೊಂಡು "ಟೇಲ್" ಎಂದೆ. ಗಂಟು ಹಾಕುವ ಹಾಗೆ ಎರಡು ಕೈಯನ್ನೂ ಎಳೆದು ತೋರಿಸಿದೆ. ಅವನು ತಲೆಯಾಡಿಸಿದ. ಅವನಿಗೆ ಗೊತ್ತಿತ್ತು, ಸಭೆಯಲ್ಲಿ ಕೇಳಿದ್ದನಲ್ಲ.

ನಾಯಿಗಳನ್ನು ಕಳೆದುಕೊಂಡವನು, ಅದಕ್ಕೆ ಕಾರಣಳಾಗಿದ್ದಿರಬಹುದಾದವಳನ್ನು ಕರೆದು ಅವಳ ಹಬ್ಬ ಮಾಡಿಸಿದ. ನನ್ನ ಜನ್ಮದಲ್ಲಿ ನನಗೆ ಇಷ್ಟು ದೊಡ್ಡ ಉಪಕಾರ ಮಾಡಿದವರು ಕಡಿಮೆ. ಹೆತ್ತವರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ನರಿ ಮುಖ ನೋಡಿದ ಆ ವರ್ಷ ಶುಭವಾಯಿತೇ ಎಂದು ಕೇಳಿದರೆ, ಮೊಣಕಾಲು ಪೂರಾ ಕೆಟ್ಟಿತು, ಮಗಳ ಕಾರಿಗೆ ಯಾರೋ ಗುದ್ದಿದರು. ಅದಕ್ಕೂ ನರಿಗೂ ಸಂಬಂಧವಿಲ್ಲ. ಬೇಲಿಯ ಮೇಲೆ ಡಬ್ಬಿ ಓಡಾಡಲು ಮತ್ತೆ ಶುರುವಾಯಿತು. ಅಷ್ಟು ಸಾಕು.

ನರಿ ಕಂಡ ಮಾರನೆಯ ದಿನ ಸಂಕ್ರಾಂತಿ. ಸ್ನಾನ ಮಾಡಿ, ಎಳ್ಳು ಬೆಲ್ಲ ತಟ್ಟೆಗೆ ಹಾಕಿಕೊಂಡು ಬೇಲಿಗೆ ಹೋದೆ. ಅವನು ಎರಡು ಕೈ ಜೋಡಿಸಿ ಬೊಗಸೆ ಒಡ್ಡಿದ. ತುಂಬಿಸಿದೆ. ಕೆಳಗೆ ನಿಂತಿದ್ದ ಮುದಿ ನಾಯಿಗೂ ಒಂದು ಚೂರು ಕೊಬ್ಬರಿ ಹಾಕಿದೆ. ಮೂವರೂ ತಿಂದೆವು. ಒಳ್ಳೆಯ ಮಾತು ಯಾರೂ ಆಡಲಿಲ್ಲ.